ನಾಲ್ಕು ಗಂಟಿನ ದಾರ

ಅಲಖನೂರಿನ ಸಾವಕ್ಕನ ಬಳಿ ಒಂದು ಕರಿ ಉಣ್ಣೆಯ ದಾರವಿದೆ. ಮೊಳ ಉದ್ದ, ನಾಲ್ಕು ಗಂಟು, ಅಷ್ಟೇ. ಸಂತೆಯಲ್ಲಿ ಬಿದ್ದಿದ್ದರೆ ಯಾರೂ ಬಗ್ಗಿ ಎತ್ತಿಕೊಳ್ಳುವಂಥದ್ದಲ್ಲ. ಆದರೆ ಆ ಓಣಿಯಲ್ಲಿ ಈಗ ಮೀಸೆ ತಿರುವಿಕೊಂಡು ಓಡಾಡುವ ಗಂಡಸರಲ್ಲಿ ಅರ್ಧ ಜನ ಒಂದಾನೊಂದು ದಿನ ಸಾವಕ್ಕನ ಚಾಚಿದ ಕಾಲ ಮೇಲೆ ಬೆತ್ತಲೆ ಮಲಗಿ, ಆ ದಾರದ ಕೆಳಗೆ ಕಾಲು ಬಡಿದವರೇ.

ಕೂಸಿಗೆ ಕೆಮ್ಮು ಬಂದು ಉಸಿರು ಏರಿತೆಂದರೆ ತಾಯಂದಿರು ಮೊದಲು ಬರುವುದು ಸಾವಕ್ಕನ ಕಟ್ಟೆಗೆ. ಎಂಬತ್ತರ ಹತ್ತಿರದ ಮುದುಕಿ ಕಂಬಳಿ ಹಾಸಿ, ಗೋಡೆಗೆ ಬೆನ್ನು ಕೊಟ್ಟು, ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಳ್ಳುತ್ತಾಳೆ. ಹಣೆಗೆ ಚಿಟಿಕೆ ಭಂಡಾರ, ಅಂದರೆ ದೇವರ ಅರಿಶಿನ. ಎಡ ಅಂಗೈ ಕೂಸಿನ ಹೊಟ್ಟೆಯ ಮೇಲೆ, ಅದೇ ಕೈಯ ಬೆರಳ ಸಂದಿಯಲ್ಲಿ ದಾರ. ಆಮೇಲೆ ಕಣ್ಣು ಮುಚ್ಚಿ, ತುಟಿಯೊಳಗೇ ಮಂತ್ರ. ಹೊಟ್ಟೆ ಒಂದು ಸಲ ಎದ್ದರೆ ಬಲಗೈಯ ಹೆಬ್ಬೆರಳು ಬೆರಳಿನ ಒಂದು ಗೆಣ್ಣು ಮುಟ್ಟುತ್ತದೆ. ನಾಲ್ಕು ಬೆರಳಿಗೆ ಹನ್ನೆರಡು ಗೆಣ್ಣು. ಹನ್ನೆರಡು ಮುಗಿದಾಗ ದಾರದ ಒಂದು ಗಂಟನ್ನು ಆಚೆ ಜಗ್ಗುತ್ತಾಳೆ, ಮತ್ತೆ ಮೊದಲಿಂದ.

ಮಂತ್ರ ಮುಗಿಯುವುದರೊಳಗೆ ನಾಲ್ಕೂ ಗಂಟು ದಾಟಿದವೋ, ಮುದುಕಿ ಕಣ್ಣು ತೆಗೆದು ಒಂದೇ ಮಾತು ಹೇಳುತ್ತಾಳೆ: "ಇದು ಡಾಕ್ಟರ ಪಾಲು. ಹಾರೂಗೇರಿಗೆ ನಡ್ರಿ." ದಾಟಲಿಲ್ಲವೋ, "ಇದು ನಮ್ಮಪ್ಪನ ಪಾಲು" ಎಂದು ನಗುತ್ತಾಳೆ. ಅಪ್ಪ ಎಂದರೆ ಮಲಕಾರಿಸಿದ್ಧ, ಕುರಿ ಕಾಯುವವರ ದೇವರು. ಅಪ್ಪನ ಪಾಲಿಗೆ ಬಂದ ಕೂಸಿಗೆ ಅಜವಾನದ, ಅಂದರೆ ಓಮಿನ, ಗಂಟು ಬಿಸಿ ಮಾಡಿ ಶಾಖ, ಬೆಚ್ಚಗಿನ ಕುಲಾವಿ, ತಾಯಿಗೆ "ತಾಸಿಗೊಮ್ಮೆ ಎದಿಗೆ ಹಚ್ಚಕೋ" ಎಂಬ ಅಪ್ಪಣೆ. ಡಾಕ್ಟರ ಪಾಲಿನ ಕೂಸಿಗೆ ಮಾತ್ರ ಇದೊಂದೂ ಇಲ್ಲ. ಎರಡನೇ ಚಿಟಿಕೆ ಭಂಡಾರ ಕೇಳಿದರೂ ಕೊಡುವುದಿಲ್ಲ. "ಹಚ್ಚಕೋತ ಕುಂತ್ರ ಬಸ್ ತಪ್ಪತೈತಿ" ಎಂದು ಗದರುತ್ತಾಳೆ.

ರಾಜೇಶ್ವರಿ ಈ ಮನೆಗೆ ಸಾವಕ್ಕನ ಮೊಮ್ಮಗ ಭರತನ ಹೆಂಡತಿಯಾಗಿ ಬಂದು ಎರಡೂವರೆ ವರ್ಷ. ತವರು ಐಗಳಿ. ಪಿಯುಸಿಯಲ್ಲಿ ವಿಜ್ಞಾನ ಓದಿದವಳು. ಬಂದ ಹೊಸತರಲ್ಲಿ ಅಜ್ಜಿಯ ಮಣಮಣ ಕೇಳಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಆ ನಗು ನಿಂತದ್ದು ಮಗಳು ಉಜ್ವಲಾ ಎರಡು ತಿಂಗಳಿನವಳಿದ್ದಾಗ. ನೋಡುವವರಿಗೆ ಬರೀ ನೆಗಡಿ. ಸಾವಕ್ಕ ಅಂಗೈ ಇಟ್ಟು, ದಾರ ಜಗ್ಗಿ, "ಡಾಕ್ಟರ ಪಾಲು" ಅಂದಳು. ಹಾರೂಗೇರಿಯ ಮಹಾವೀರ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಚಲೋ ಆತು ಇವತ್ತ ಬಂದ್ರಿ. ನಾಳಿ ಅಂದಿದ್ರ ತ್ರಾಸ ಇತ್ತು" ಎಂದರು.

ಅಂದಿನಿಂದ ರಾಜೇಶ್ವರಿ ತನ್ನ ದಿನಚರಿಯ ಹಿಂದಿನ ಪುಟಗಳಲ್ಲಿ ಒಂದು ಪಟ್ಟಿ ಇಟ್ಟಳು. ಮುಂದಿನ ಪುಟಗಳಲ್ಲಿ ಉಜ್ವಲಾಳ ಹಲ್ಲು, ಉಜ್ವಲಾಳ ಮುನಿಸು, ಮೊದಲ ಸಲ ತಿಂದ ನುಚ್ಚಿನ ಗಂಜಿ. ಹಿಂದಿನ ಪುಟಗಳಲ್ಲಿ ಯಾರ ಕೂಸು, ಆಯಿ ಏನಂದರು, ಡಾಕ್ಟರು ಏನಂದರು. ಮನೆಯಲ್ಲಿ ಎಲ್ಲರೂ ಸಾವಕ್ಕನನ್ನು ಆಯಿ ಅಂತಲೇ ಕರೆಯುವುದು. ನಾಲ್ಕು ತಿಂಗಳಲ್ಲಿ ಏಳು ಕೂಸು ಬಂದವು. ಏಳಕ್ಕೆ ಏಳೂ ಆಯಿ ಹೇಳಿದಂತೆಯೇ ಆಯಿತು.

ಶ್ರಾವಣದಲ್ಲಿ ಕಬ್ಬಿಗೆ ನೀರು ಬಿಡುವ ಕಾಲುವೆಯಲ್ಲಿ ಜಾರಿ ಸಾವಕ್ಕ ಬಲ ಮೊಣಕಾಲು ಮುರಿದುಕೊಂಡಳು. ಎಲುಬು ಕೂಡಿತು, ಕಾಲು ಮಾತ್ರ ಕಟ್ಟಿಗೆಯಾಯಿತು. ಅವಳು ಹುಟ್ಟಿದ್ದೇ ಕುರಿ ಹಟ್ಟಿಯಲ್ಲಿ, ದಾರಿಯ ಮೇಲೆ, ಎರಡು ಊರುಗಳ ನಡುವೆ. ಯಾವ ಊರಿನ ಸೀಮೆ ಅಂತ ಅವಳ ತಾಯಿಗೂ ಗೊತ್ತಿರಲಿಲ್ಲ. ಅರವತ್ತು ವರ್ಷ ಕುರಿಯ ಬೆನ್ನ ಹಿಂದೆ ಕೃಷ್ಣೆಯ ದಂಡೆ, ಆಚೆಯ ಮರಾಠಿ ಸೀಮೆ ಎಂದು ನಡೆದವಳು. ಮುನ್ನೂರು ಕುರಿ ಇದ್ದದ್ದು ಕಬ್ಬು ಬಂದ ಮೇಲೆ ಹನ್ನೊಂದಕ್ಕೆ ಇಳಿಯಿತು. ಆ ಹನ್ನೊಂದರ ಹಿಂದೆಯೂ ದಿನಾ ಹೋಗುತ್ತಿದ್ದವಳು ಈಗ ಹೊಸ್ತಿಲಿಂದ ಕಟ್ಟೆಗೆ, ಕಟ್ಟೆಯಿಂದ ಹೊಸ್ತಿಲಿಗೆ. ಅಷ್ಟಕ್ಕೇ ಮೂರು ಸಲ "ಯಪ್ಪಾ" ಅನ್ನುತ್ತಾಳೆ.

ಆಗಿನಿಂದ ಪಟ್ಟಿ ಕೆಟ್ಟಿತು. ಐದು ತಿಂಗಳಲ್ಲಿ ಆರು ಕೂಸು ಬಂದವು. ಆರಕ್ಕೆ ಆರೂ ಡಾಕ್ಟರ ಪಾಲು. ಒಂದಕ್ಕೆ ನಿಜವಾಗಿ ಜೋರಿತ್ತು. ಉಳಿದ ಐದಕ್ಕೆ ಡಾಕ್ಟರು ಒಂದು ಸಿರಪ್ ಬರೆದು, ಇಷ್ಟಕ್ಕೆ ಯಾಕ ಬಂದ್ರಿ ಎಂಬಂತೆ ನೋಡಿ ಕಳಿಸಿದರು. ಹಾಗೆ ಎರಡು ಸಲ ಹೋಗಿ ಬಂದವಳು ಆಚೆಮನೆಯ ಸುಂದರಾ. ಅವಳ ಆರು ತಿಂಗಳ ಮಗನ ಹೆಸರು ಸಮಾಧಾನ. ಹೆಸರಿಗಷ್ಟೇ ಸಮಾಧಾನ, ಹೊತ್ತು ಹುಟ್ಟಿದರೆ ಅಳುವೇ. ಮೂರನೇ ಸಲವೂ ಆಯಿ ಅದೇ ಮಾತು ಹೇಳಿದಾಗ ಸುಂದರಾಳ ಮೈದುನ ಅಪ್ಪಾಸಾಬ ಬೈಕಿನ ಮೇಲೆ ಕೂತಿದ್ದವನು ಇಳಿಯಲೇ ಇಲ್ಲ.

"ಆಯಿ, ಆ ಡಾಕ್ಟರಿಗೂ ನಿಮಗೂ ಏನರೆ ಸೋಯರಕಿ, ಬೀಗತನ ಆಗೈತೇನ? ಊರಾಗಿನ ಕೂಸೆಲ್ಲಾ ಅವನ ಪಾಲಿಗೇ ಬರ್ಯಾಕತ್ತೀರಿ. ನಿಮ್ಮಪ್ಪಗೂ ಒಂದೆರಡ ಬಿಡ್ರಿ ಮತ್ತ."

ಕಟ್ಟೆಯ ಮೇಲಿದ್ದವರು ನಕ್ಕರು. ಸುಂದರಾ ನಗಲಿಲ್ಲ, ಆದರೆ ಹಾರೂಗೇರಿಗೂ ಹೋಗಲಿಲ್ಲ. ಆ ಸಲ ಸಮಾಧಾನನಿಗೆ ಏನೂ ಆಗಲಿಲ್ಲ, ಎರಡು ದಿನಕ್ಕೆ ಚಿಗುರಿಕೊಂಡ. ಅದೇ ಮುದುಕಿಗೆ ಹೆಚ್ಚು ಚುಚ್ಚಿತು.

ಬುಧವಾರ ಮಧ್ಯಾಹ್ನ ರೊಟ್ಟಿ ಮುಟ್ಟದೆ ಕೂತಿದ್ದಳು. ಮೊಮ್ಮಗನನ್ನು ಕರೆದಳು. "ಭರತಾ, ಐತವಾರ ಅಪ್ಪನ ಗುಡಿಗೆ ಹೋಗು. ಈ ದಾರ ಅವನ ಪಾದಕ್ಕ ಹಾಕಿ ಬಾ. ನಮ್ಮತ್ತಿ ಕಾಳವ್ವ ಕೊಟ್ಟಿದ್ದು, ಅಕಿಗೆ ಅಕಿ ಅತ್ತಿ. ನನ್ನ ನಾಲಿಗಿ ಮ್ಯಾಲಿಂದ ಅಪ್ಪ ಇಳದ ಹೋಗ್ಯಾನ. ಸುಳ್ಳ ನಾಲಿಗಿ ಇಟಗೊಂಡ ಕೂಸಿನ ಹೊಟ್ಟಿ ಮ್ಯಾಲ ಕೈ ಇಡಬಾರದು."

"ಇರ್ಲಿ ಬಿಡ ಆಯಿ. ವಯಸ್ಸಾತು. ಇನ್ನ ಯಾಕ ಬೇಕ ನಿನಗ ಈ ಉಸಾಬರಿ" ಎಂದ ಭರತ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅವನ ಹೆಂಡತಿ ಮಾತ್ರ ಮುದುಕಿಯ ಮುಖ ನೋಡಿದಳು. ದಾರ ಹೋದರೆ ಈ ಮುಖದಲ್ಲಿ ಉಳಿಯುವುದೇನು ಅನ್ನಿಸಿತು. ಹೊಸ್ತಿಲು, ಕಟ್ಟೆ, ಮತ್ತೆ ಹೊಸ್ತಿಲು. ಐತವಾರಕ್ಕೆ ನಾಲ್ಕೇ ದಿನ.

ಗುರುವಾರ ಆಶಾ ಕಾರ್ಯಕರ್ತೆ ಅಕ್ಕುತಾಯಿ ಬಂದಳು. ಚೀಲದಲ್ಲಿ ರಿಜಿಸ್ಟರು, ಬಾಯಲ್ಲಿ ಅರ್ಧ ಮರಾಠಿ ಅರ್ಧ ಕನ್ನಡ. ಉಜ್ವಲಾಳ ಮೂಗು ಸೋರುತ್ತಿದ್ದುದನ್ನು ಕಂಡು ಅಂಗಿ ಮೇಲೆತ್ತಿ, ಮೊಬೈಲು ತೊಡೆಯ ಮೇಲಿಟ್ಟು, ಹೊಟ್ಟೆಯನ್ನೇ ನೋಡುತ್ತ ಸುಮ್ಮನೆ ಕೂತಳು. ರಾಜೇಶ್ವರಿ ಏನೋ ಕೇಳಲು ಹೋದರೆ ಕೈ ಎತ್ತಿ ತಡೆದಳು. ಮೊಬೈಲು ಟಿಣ್ ಅಂದ ಮೇಲೆ, "ಮೂವತ್ತಾರು. ಕಾಹೀ ನಾಹೀ, ಏನೂ ಇಲ್ಲ, ಆರಾಮ ಅದಾಳ" ಅಂದಳು.

"ಏನ ಎಣಿಸಿದ್ರಿ ಅಕ್ಕಾ?"

"ಉಸರು. ಒಂದು ಮಿನಿಟಿಗೆ ಎಷ್ಟ ಸಲ ಹೊಟ್ಟಿ ಏಳತೈತಿ ಅಂತ. ವರ್ಷದೊಳಗಿನ ಕೂಸಿಗೆ ಐವತ್ತರ ಮ್ಯಾಲ ಹೋತಂದ್ರ ಒಂದ ಗಳಿಗಿ ತಡೀಬಾರದು. ಟ್ರೇನಿಂಗದಾಗ ಹೇಳ್ಯಾರ."

ರಾಜೇಶ್ವರಿ ಕಟ್ಟೆಯ ಕಡೆ ತಿರುಗಿದಳು. ಹನ್ನೆರಡು ಗೆಣ್ಣು, ನಾಲ್ಕು ಗಂಟು. ಹನ್ನೆರಡು ನಾಲ್ಕಲೇ ನಲವತ್ತೆಂಟು. ಆಯಿಯ ಈ ಲೆಕ್ಕವನ್ನು ಅಕ್ಕುತಾಯಿಗೆ ಹೇಳಿದಳು. ಅಕ್ಕುತಾಯಿ ಚೀಲ ಕೆಳಗಿಟ್ಟು, ಮತ್ತೊಮ್ಮೆ ಹೇಳಿಸಿಕೊಂಡು, ನಕ್ಕಳು. "ಅಂದ್ರ ಸರಕಾರದಕಿಂತ ನಿಮ್ಮ ಆಯಿ ಎರಡ ಉಸರು ಬಿಗಿ ಅದಾಳ ಅನ್ನು."

ಹಾಗಾದರೆ ಮಂತ್ರವೇ ಗಡಿಯಾರ. ಗಡಿಯಾರವಿಲ್ಲದ ಹಟ್ಟಿಯಲ್ಲಿ ಒಂದು ಮಿನಿಟನ್ನು ಯಾರೋ ಮುತ್ತಜ್ಜಿ ದೇವರ ಹೆಸರಿನಲ್ಲಿ ಅಳೆದು ಕಟ್ಟಿಟ್ಟಿದ್ದಳು. ಆ ಗಡಿಯಾರ ಈಗ ಎಲ್ಲಿ ಕೆಟ್ಟಿದೆ? ಶುಕ್ರವಾರ ಮುಂಜಾನೆ ಸಾವಕ್ಕ ಜಳಕ ಮಾಡಿ, ಭಂಡಾರ ಹಚ್ಚಿ, ರೂಢಿಯಂತೆ ಮಂತ್ರ ಒಂದು ಸುತ್ತು ಹೇಳಿಕೊಳ್ಳುವಾಗ ರಾಜೇಶ್ವರಿ ಒಲೆಯ ಮುಂದೆ ಕೂತೇ ಮೊಬೈಲು ನೋಡಿದಳು. ತುಟಿ ಶುರುವಾದದ್ದು, ನಿಂತದ್ದು. ಒಂದು ಮಿನಿಟು ಇಪ್ಪತ್ತೇಳು ಸೆಕೆಂಡು. ಅಷ್ಟು ಹೊತ್ತಿನಲ್ಲಿ ಎಂಥ ಗಟ್ಟಿಮುಟ್ಟಾದ ಕೂಸೂ ನಾಲ್ಕು ಗಂಟು ದಾಟುತ್ತದೆ.

"ಆಯಿ, ನೀವು ಮಂತ್ರ ಹ್ಯಾಂಗ ಕಲ್ತ್ರಿ?"

ಮುದುಕಿ ಕಣ್ಣು ಸಣ್ಣ ಮಾಡಿದಳು. "ಮಾತ ಕೇಳಬ್ಯಾಡ ಮತ್ತ. ಇನ್ನೊಬ್ರ ಕಿವಿಗೆ ಬಿದ್ರ ಹಾಲ ಒಡದಂಗ ಒಡೀತೈತಿ."

"ಮಾತ ಬ್ಯಾಡ್ರಿ. ಕಲ್ತಿದ್ದ ಹೇಳ್ರಿ."

"ನಡಕೋತ ಕಲ್ತೀನಿ. ನಮ್ಮತ್ತಿ ಮುಂದ, ನಾ ಹಿಂದ, ನಮ್ಮ ಮುಂದ ಕುರಿ. ಒಂದ ಹೆಜ್ಜಿಗೆ ಒಂದ ಮಾತು. ಮೊದಲ ಮರಿ ಮ್ಯಾಲ ಕಲಿಸಿದ್ಲು. ಮರಿ ಪಕ್ಕಡಿ ಮ್ಯಾಲ ಕೈ ಇಟ್ಟು, ಯಾವುದ ಉಳೀತೈತಿ ಯಾವುದ ಸಾಯ್ತೈತಿ ನೋಡಾಕ. ಆಮ್ಯಾಲ ಮನಷ್ಯಾರ ಕೂಸು. ಹೆಜ್ಜಿ ತಪ್ಪಿದ್ರ ಮಾತ ತಪ್ಪತೈತಿ ಅಂತಿದ್ಲು."

"ಕುಂತಾಗ?"

"ಕುಂತಾಗೂ ಕಾಲ ನಡೀತೈತಿ ಬಿಡ" ಎಂದು ಸಾವಕ್ಕ ಅಂದದ್ದೇ ರಾಜೇಶ್ವರಿಗೆ ನೆನಪಾಯಿತು. ಮೊದಲೆಲ್ಲ ಮಂತ್ರ ಹೇಳುವಾಗ ಕೂಸಿನ ಪಾದದಾಚೆ ಮುದುಕಿಯ ಬಲಗಾಲಿನ ಹೆಬ್ಬೆರಳು ಟಕಟಕ ಕುಣಿಯುತ್ತಿತ್ತು. ಈಗ ಆ ಕಾಲು ಬಟ್ಟೆ ಸುತ್ತಿಕೊಂಡು ಮಲಗಿದೆ. ಬೆರಳು ಎತ್ತಿದರೆ ಮೊಣಕಾಲು ಹಿಡಿಯುತ್ತದೆ. ಮುದುಕಿಯ ಮಂತ್ರ ಕುಂಟುತ್ತಿತ್ತು, ಅಷ್ಟೇ.

ಅವಳು ಮೊಬೈಲು ತೋರಿಸಿ, ಮಿನಿಟು ಸೆಕೆಂಡು ಎಲ್ಲ ಬಿಡಿಸಿ ಹೇಳಿದಳು. ಸಾವಕ್ಕ ಪೂರಾ ಕೇಳಿದಳು. ಆಮೇಲೆ, "ಅಪ್ಪ ಗಡಿಯಾರ ನೋಡಿ ಬರ್ತಾನೇನ ತಂಗಿ? ನೀ ಓದಿದಾಕಿ, ನನ್ನ ಮನಸ ತಿಳಿ ಮಾಡಾಕ ಹೇಳ್ತಿ. ಹೇಳು. ದಾರ ಮಾತ್ರ ಐತವಾರ ಹೋಗೂದ" ಎಂದು ಎದ್ದು, ದಾರವನ್ನು ತೆಂಗಿನಕಾಯಿಯ ಜೊತೆ ಹಳದಿ ಬಟ್ಟೆಯಲ್ಲಿ ಕಟ್ಟಿ ಡಬ್ಬಿಗೆ ಹಾಕಿದಳು.

ಶನಿವಾರ ಮಧ್ಯಾಹ್ನ ಉಜ್ವಲಾಳ ಮೈ ಕಾದಿತು. ಕೆಮ್ಮು ಗಟ್ಟಿಯಾಯಿತು. ಕಬ್ಬು ಕಡಿಯುವ ಗ್ಯಾಂಗಿಗೆ ನೀರು ಕೊಟ್ಟು ಬಂದ ಭರತ ಮಗಳನ್ನು ನೋಡಿ ಬೈಕಿನ ಕೀಲಿ ಹುಡುಕತೊಡಗಿದ. ರಾಜೇಶ್ವರಿ ಮೊದಲು ತಾನೇ ಎಣಿಸಿದಳು, ಅಕ್ಕುತಾಯಿ ಮಾಡಿದಂತೆ. ನಲವತ್ತಮೂರು. ಇನ್ನೊಮ್ಮೆ, ನಲವತ್ತನಾಲ್ಕು. ಹಾಲು ಕುಡಿಯುತ್ತಿದ್ದಳು, ಪಕ್ಕೆ ಒಳಗೆ ಎಳೆಯುತ್ತಿರಲಿಲ್ಲ. ಮನಸ್ಸು ತುಸು ಇಳಿಯಿತು. ಕೂಸನ್ನು ಎತ್ತಿಕೊಂಡು ಒಳಗೆ ಹೋಗಿ, ಡಬ್ಬಿಯಿಂದ ಹಳದಿ ಗಂಟು ತೆಗೆದು, ಎರಡನ್ನೂ ಮುದುಕಿಯ ಮಡಿಲಿಗೆ ಹಾಕಿದಳು.

"ಬ್ಯಾಡ ರಾಜವ್ವ" ಅಂದಳು ಸಾವಕ್ಕ. ಕೈ ಮಾತ್ರ ಆಗಲೇ ಕೂಸಿನ ಹಣೆ ಮುಟ್ಟಿತ್ತು. "ಅಪ್ಪ ನನ್ನ ನಾಲಿಗಿ ಬಿಟ್ಟಾನ. ನಾ ಏನ ಅಂದ್ರೂ ಡಾಕ್ಟರ ಪಾಲು ಅಂತೈತಿ ಅದು. ನಮ್ಮ ಕೂಸಿಗೆ ಅದನ್ನ ಅನ್ನಿಸಬ್ಯಾಡ."

"ನಾ ಮಂತ್ರ ಕೇಳಂಗಿಲ್ರಿ. ನೀವ ತುಟಿ ಒಳಗ ಹೇಳ್ರಿ. ನಾ ಅಂಗಳದಾಗ ನಡೀತೀನಿ. ನನ್ನ ಗೆಜ್ಜಿ ಕೇಳ್ಕೋತ ಹೇಳ್ರಿ. ನಿಮ್ಮ ಕಾಲಿನ ಬದ್ಲಿ ನನ್ನ ಕಾಲು. ಆಮ್ಯಾಲ ದಾರ ಒಯ್ಯೂದಿದ್ರ ನಾನ ಒಯ್ತೀನಿ."

ಸಾವಕ್ಕ ಅವಳ ಪಾದಗಳನ್ನು ನೋಡಿದಳು. ಯಾರ ಕಿವಿಗೂ ಮಾತು ಬೀಳುವುದಿಲ್ಲ; ಅತ್ತೆಯ ಆಣೆ ಮುರಿದಂತಾಗುವುದಿಲ್ಲ. ಗಂಟು ಬಿಚ್ಚಿದಳು.

ರಾಜೇಶ್ವರಿ ಮೊಬೈಲನ್ನು ಅಂಗಳದ ಗೋಡೆಯ ಗೂಡಿನಲ್ಲಿ ಇಟ್ಟು ಅಂಗಳಕ್ಕಿಳಿದಳು. ಎದೆ ಡವಡವ ಅನ್ನುತ್ತಿತ್ತು, ಕಾಲು ಅದಕ್ಕೆ ತಕ್ಕಂತೆ. ಹತ್ತು ಹೆಜ್ಜೆಯೂ ಆಗಿರಲಿಲ್ಲ, ಕಟ್ಟೆಯಿಂದ ಗದರು ಬಂತು. "ಏ ಹುಚ್ಚಿ, ಎಲ್ಲಿ ಹೊಂಟಿ? ಸಂತಿಗೇನ? ಅದು ಸಂತಿ ನಡಿಗಿ. ಕುರಿ ಹಿಂದಿನ ನಡಿಗಿ ನಡಿ."

"ಅದು ಹ್ಯಾಂಗಿರ್ತೈತ್ರಿ?"

"ಮುಂದಿನ ಕುರಿ ಬಗ್ಗಿ ಹುಲ್ಲ ಕಚ್ಚತೈತಿ. ಹಿಂದಿನ ಮರಿ ಓಡಿ ಬಂದ ಕೂಡತೈತಿ. ನಿನಗ ಅವಸರ ಇಲ್ಲ, ನಿಂದರೂ ಹಂಗೂ ಇಲ್ಲ."

ಭರತ ಬಾಗಿಲಿಗೆ ಒರಗಿ ನಕ್ಕ. "ನಡಿ ನಡಿ, ಕುರಿ ಇಲ್ಲಂದ್ರ ನಾ ಮುಂದ ಬರ್ಲೇನು?" ಹೆಂಡತಿಯ ನೋಟ ಕಂಡು ಬಾಗಿಲಿಂದ ಹಿಂದೆ ಸರಿದ.

ಎರಡನೇ ಸಲ ರಾಜೇಶ್ವರಿ ಮೊಬೈಲಿನಲ್ಲಿ ಸೆಕೆಂಡಿನ ಎಣಿಕೆ ಹೊಸದಾಗಿ ಒತ್ತಿ, ಉಸಿರು ಬಿಟ್ಟು, ಇಲ್ಲದ ಕುರಿಯ ಬೆನ್ನು ನೋಡುತ್ತ ಹೊರಟಳು. ನೀರಿನ ಬಾನಿಯಿಂದ ಬೇವಿನ ಗಿಡದವರೆಗೆ, ಗಿಡದಿಂದ ಬಾನಿಗೆ. ಗೆಜ್ಜೆ ಝಣ್, ಝಣ್. ಕಟ್ಟೆಯಿಂದ ಗದರು ಬರಲಿಲ್ಲ. ಕಳ್ಳಗಣ್ಣಿನಲ್ಲಿ ನೋಡಿದರೆ ಮುದುಕಿ ಕಣ್ಣು ಮುಚ್ಚಿದ್ದಳು, ತುಟಿ ಸರಾಗವಾಗಿ ಓಡುತ್ತಿತ್ತು. ಒಂದು ಗಂಟು ಹೋಯಿತು. ಎರಡು. ಮೂರನೆಯದು ದಾಟಿದಾಗ ರಾಜೇಶ್ವರಿಗೆ ತನ್ನ ಲೆಕ್ಕದ ಮೇಲೆಯೇ ನಂಬಿಕೆ ಹಾರಿತು. ಆದರೂ ನಡೆದಳು. ಝಣ್, ಝಣ್. ನಾಲ್ಕನೇ ಗಂಟು ಬೆರಳ ಸಂದಿಯಲ್ಲೇ ಇತ್ತು, ಹೆಬ್ಬೆರಳು ಕಡೆಯ ಬೆರಳಿನ ಹತ್ತಿರ ಬಂದಿತ್ತು, ಆಗ ತುಟಿ ನಿಂತಿತು.

ಸಾವಕ್ಕ ಕಣ್ಣು ತೆರೆದು ದಾರ ನೋಡಿದಳು. ತಿರುಗಿಸಿ ನೋಡಿದಳು. ಗಂಟನ್ನು ಉಗುರಿನಿಂದ ಮುಟ್ಟಿ ನೋಡಿದಳು.

"ಇದು..." ಎಂದಳು. ದಾರವನ್ನು ಹಣೆಗೆ ಒತ್ತಿಕೊಂಡಳು. "ಇದು ನಮ್ಮಪ್ಪನ ಪಾಲು."

ಐದು ತಿಂಗಳ ಮೇಲೆ ಆ ಮಾತು ಆ ಬಾಯಿಂದ ಬಂದಿತ್ತು. ತುಟಿ ನಿಂತೊಡನೆ ರಾಜೇಶ್ವರಿ ಕೈ ಚಾಚಿ ನಿಲ್ಲಿಸಿದ್ದ ಗೂಡಿನ ಮೊಬೈಲು ಅರವತ್ತೊಂದು ಸೆಕೆಂಡು ತೋರಿಸುತ್ತಿತ್ತು. ಅದನ್ನು ಮುದುಕಿಗೆ ತೋರಿಸಲಿಲ್ಲ. ಅಜವಾನ ಬಿಸಿ ಮಾಡಲು ಹೋದಳು. ಒಲೆಯ ಮುಂದೆ ಒಂದಿಷ್ಟು ಅತ್ತು, ಮುಖ ತೊಳೆದು, ಮೂರು ತಾಸಿಗೊಮ್ಮೆ ಉಸಿರು ಎಣಿಸಬೇಕೆಂದು ದಿನಚರಿಯಲ್ಲಿ ಗೆರೆ ಹಾಕಿಕೊಂಡಳು. ನಂಬಿಕೆ ಬೇರೆ, ಎಣಿಕೆ ಬೇರೆ. ತಾಯಿಗೆ ಎರಡೂ ಬೇಕು. ಸೋಮವಾರಕ್ಕೆ ಕೂಸಿನ ಜ್ವರ ಬಿಟ್ಟಿತು.

ಅದರ ಹಿಂದಿನ ದಿನ, ಐತವಾರ, ಭರತ ಗುಡಿಗೆ ಹೋಗಿದ್ದ, ಬರೀ ತೆಂಗಿನಕಾಯಿ ಒಯ್ದು. ಬರುವಾಗ ಹೊಸ ಭಂಡಾರ ತಂದ. ಸಾವಕ್ಕ ಅದರಲ್ಲಿ ಮೊದಲ ಚಿಟಿಕೆ ತೆಗೆದು ರಾಜೇಶ್ವರಿಯ ಹಣೆಗಲ್ಲ, ಬಗ್ಗಲಾರದೆ ಬಗ್ಗಿ, ಎರಡೂ ಪಾದಕ್ಕೆ ಹಚ್ಚಿದಳು. "ಆಯಿ, ಕಾಲ ಮುಟ್ಟಬ್ಯಾಡ್ರಿ" ಎಂದು ಅವಳು ಹಿಂದೆ ಸರಿದರೆ, "ನಿನ್ನ ಕಾಲ ಯಾರ ಮುಟ್ಯಾರ? ಅಪ್ಪ ನನ್ನ ನಾಲಿಗಿ ಬಿಟ್ಟಿರಲಿಲ್ಲ ನೋಡು, ಬರೇ ಕಾಲ ಬಿಟ್ಟಿದ್ದ. ಈಗ ನಿನ್ನ ಕಾಲಿಗೆ ಬಂದಾನ" ಎಂದಳು. ರಾಜೇಶ್ವರಿ ಮತ್ತೆ ಪಾದ ಮುಂದಿಟ್ಟಳು. ಹೆಜ್ಜೆಯಲ್ಲಿ ಮಿನಿಟು ಇದ್ದರೂ, ದೇವರಿದ್ದರೂ, ನಡೆಯುವುದಂತೂ ಒಂದೇ ನಡಿಗೆ.

ಇಪ್ಪತ್ತು ದಿನದ ಮೇಲೆ ಸುಂದರಾ ಸಮಾಧಾನನನ್ನು ಹೊತ್ತು ಬಂದಳು. ಅಂದು ಆ ಕೂಸು ಅಳುತ್ತಿರಲಿಲ್ಲ. ಅದೇ ಎಲ್ಲರಿಗೂ ಹೆದರಿಕೆ ಹುಟ್ಟಿಸಿತು. ರಾಜೇಶ್ವರಿ ಅಂಗಳಕ್ಕಿಳಿದಳು. ಇನ್ನೂ ಕಾಲುಭಾಗ ಮಂತ್ರ ಬಾಕಿ ಇರುವಾಗಲೇ ನಾಲ್ಕನೇ ಗಂಟು ಜಾರಿಹೋಯಿತು. ಸಾವಕ್ಕ ಮಂತ್ರ ಅಲ್ಲಿಗೇ ನಿಲ್ಲಿಸಿದಳು.

"ಡಾಕ್ಟರ ಪಾಲು."

ಸುಂದರಾ ಮೈದುನನ ಮುಖ ನೋಡಿದಳು. ಆ ಇಪ್ಪತ್ತು ದಿನಗಳಲ್ಲಿ ಮೂರು ಕೂಸುಗಳನ್ನು ಆಯಿ ಅಪ್ಪನ ಪಾಲಿಗೆ ಬರೆದು ಮನೆಗೆ ಕಳಿಸಿದ್ದನ್ನು ಅಪ್ಪಾಸಾಬನೂ ಕಂಡಿದ್ದ. ಇವತ್ತು ಅವನ ಬಾಯಲ್ಲಿ ಸೋಯರಕಿಯ ಮಾತು ಬರಲಿಲ್ಲ. ಬೈಕಿಗೆ ಕಿಕ್ ಹೊಡೆದು, "ವೈನಿ, ಕುಂದರ್ರಿ ಲಗೂನ" ಎಂದ. ಮಹಾವೀರ ಡಾಕ್ಟರು ಕೂಸನ್ನು ಮೂರು ದಿನ ಇಟ್ಟುಕೊಂಡು, ಗಟ್ಟಿ ಮಾಡಿ ಕಳಿಸಿದರು. ನಾಲ್ಕನೇ ದಿನ ಓಣಿಯ ತುಂಬ ಸಮಾಧಾನನ ಅಳು ಕೇಳಿ ಜನ ಸಮಾಧಾನಪಟ್ಟರು.

ಈಗ ಉಜ್ವಲಾ ಗೋಡೆ ಹಿಡಿದು ನಡೆಯುತ್ತಾಳೆ. ಅವಳ ಕಾಲಿಗೂ ಸಣ್ಣ ಗೆಜ್ಜೆ ಬಂದಿವೆ. ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿ, ಬಿದ್ದು, ಎದ್ದು, ದಡದಡ ಓಡಿದಾಗ ಕಟ್ಟೆಯಿಂದ ಮುದುಕಿಯ ದನಿ ಬರುತ್ತದೆ:

"ಸಾವಕಾಶ ಬೇ. ಅದು ಸಂತಿ ನಡಿಗಿ."